ಅಜ್ಜಿಯರ ಚರಿತ್ರೆ ಯಾವ ಪುಸ್ತಕದಲ್ಲಿದೆ?

ಯಳಂದೂರಿನ ಗೌರೀಶ್ವರ ದೇವಾಲಯದ ಬಳೆಮಂಟಪವನ್ನು ನಿಮ್ಮಲ್ಲಿ ಅನೇಕರು ಕಂಡಿರುತ್ತೀರಿ. ಅಲ್ಲಿರುವ ಕಲ್ಲಿನ ಸರಪಳಿಯ ಬಳೆಗಳಿಂದಾಗಿ ಅದಕ್ಕೆ ಆ ಹೆಸರು ಬಂದಿದೆ. ಕಟ್ಟಿಸಿದವರು ಹದಿನಾಡಿನ ಅರಸರು. ಅದೇ ಯಳಂದೂರನ್ನು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಡಲಾಯಿತು. ನೆರೆಯ ಕೊಳ್ಳೇಗಾಲವು 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನಮ್ಮ ಸೀಮೆಯ ಚರಿತ್ರೆಯೆಂದು ಮಕ್ಕಳು ಓದುವುದು ಬಹುಮಟ್ಟಿಗೆ ಇಂಥದನ್ನೇ. ಅರಸರಿದ್ದಾರೆ, ದಿವಾನರಿದ್ದಾರೆ, ಗಡಿರೇಖೆಗಳಿವೆ. ಹೆಂಗಸರ ಕೈಬಳೆ ಮಂಟಪದ ಹೆಸರಿಗೆ ಬಂದಿದೆ, ಹೆಂಗಸರು ಮಾತ್ರ ಪಾಠಕ್ಕೆ ಬಂದಿಲ್ಲ.

ಬರದ ವರ್ಷದಲ್ಲಿ ಮನೆಯನ್ನು ನಡೆಸಿದವರು, ರಾತ್ರಿ ಎದ್ದು ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹಾಕಿದವರು, ಗಂಡ ತೀರಿಕೊಂಡ ಮೇಲೆ ಮಕ್ಕಳನ್ನು ದಡ ಸೇರಿಸಿದವರು ಯಾರು? ಅವರ ಬಾಳನ್ನು ಓದಬೇಕೆಂದರೆ ಯಾವ ಪುಸ್ತಕ ತೆಗೆಯಬೇಕು? ನನ್ನ ಅನುಭವದಲ್ಲಿ ಈ ಪ್ರಶ್ನೆಗೆ ಚರಿತ್ರೆಯ ಗ್ರಂಥಕ್ಕಿಂತ ಹೆಚ್ಚು ಪ್ರಾಮಾಣಿಕವಾದ ಉತ್ತರ ಕೊಡುವುದು ಹಾಡು ಮತ್ತು ಕಾದಂಬರಿ.

ಕಾದಂಬರಿಗಿಂತ ಬಹಳ ಹಿಂದೆಯೇ ಯಳಂದೂರಿನ ಹೆಣ್ಣುಮಗಳೊಬ್ಬಳು ಲೇಖನಿ ಹಿಡಿದಿದ್ದಳು. ಸಂಚಿಯ ಹೊನ್ನಮ್ಮ ಮೈಸೂರಿನ ದೊರೆ ಚಿಕ್ಕದೇವರಾಜ ಒಡೆಯರ ಕಾಲದವಳು. ಅವರ ಆಳ್ವಿಕೆ 1673ರಿಂದ 1704ರವರೆಗೆ. ಸಂಚಿಯೆಂದರೆ ಎಲೆಅಡಿಕೆಯ ಚೀಲ; ಅರಮನೆಯಲ್ಲಿ ಅದನ್ನು ಹೊರುವುದು ಅವಳ ಊಳಿಗ. ಆ ಊಳಿಗದ ಹೆಣ್ಣು ಆಸ್ಥಾನದ ಕವಿ ಸಿಂಗರಾರ್ಯನಲ್ಲಿ ವಿದ್ಯೆ ಕಲಿತು, ‘ಹದಿಬದೆಯ ಧರ್ಮ’ವೆಂಬ ಕಾವ್ಯವನ್ನು ಸಾಂಗತ್ಯದಲ್ಲಿ ಬರೆದಳು. ಸಾಂಗತ್ಯ ಹಾಡಿಕೊಳ್ಳಲು ಬರುವ ಛಂದಸ್ಸು. ಓದು ಬಾರದ ಹೆಂಗಸರೂ ಕೇಳಿ ನೆನಪಿಟ್ಟುಕೊಳ್ಳಬಹುದಾಗಿತ್ತು.

ಇಂದಿನ ಓದುಗರಿಗೆ ಈ ಕಾವ್ಯ ಮೊದಲು ನಿರಾಸೆಯನ್ನೇ ತರಬಹುದು. ಹೆಸರೇ ಹೇಳುವಂತೆ ಅದು ಪತಿವ್ರತೆ ಹೇಗಿರಬೇಕೆಂದು ಬೋಧಿಸುವ ಗ್ರಂಥ. ಗಂಡನ ಸೇವೆ, ಅತ್ತೆಮಾವಂದಿರ ಆರೈಕೆ, ತಾಳ್ಮೆ, ವಿನಯಗಳೇ ಅದರ ವಿಷಯ. ಆದರೆ ಬೋಧನೆಯ ನಡುವೆ ಹೊನ್ನಮ್ಮ ಇದ್ದಕ್ಕಿದ್ದಂತೆ ತಿರುಗಿ ನಿಂತು, ಹೆಣ್ಣೆಂದು ಹೀನೈಸುವವರನ್ನು ಪ್ರಶ್ನಿಸುತ್ತಾಳೆ. ಅವರನ್ನು ಹೆತ್ತವಳು ಹೆಣ್ಣು, ಸಾಕಿದವಳು ಹೆಣ್ಣು. ಹಾಗಿರುವಾಗ ಹೆಣ್ಣನ್ನು ಕೀಳೆನ್ನುವುದು ಕುರುಡುತನವೆಂಬುದು ಅವಳ ವಾದ. ಗಂಡು ಹುಟ್ಟಿದರೆ ಹಿಗ್ಗುವ, ಹೆಣ್ಣು ಹುಟ್ಟಿದರೆ ಕುಗ್ಗುವ ಮನೆಗಳಿಗೆ ಮುನ್ನೂರು ವರ್ಷಗಳ ಹಿಂದೆಯೇ ಅರಮನೆಯೊಳಗಿಂದ ಬಂದ ಮಾತಿದು. ಚಿಕ್ಕದೇವರಾಜರ ಯುದ್ಧಗಳನ್ನೂ ಅವರು ಏರ್ಪಡಿಸಿದ ಹದಿನೆಂಟು ಕಚೇರಿಗಳನ್ನೂ ಪರೀಕ್ಷೆಗೆ ಬಾಯಿಪಾಠ ಮಾಡುವ ಮಕ್ಕಳಿಗೆ ಇದನ್ನೂ ಹೇಳಿಕೊಡಬಾರದೇ?

ಹೊನ್ನಮ್ಮ ಅರಮನೆ ಸೇರಿದವಳಾದರೆ, ಕಾಡಿನಲ್ಲಿಯೇ ಉಳಿದ ಇನ್ನೊಬ್ಬಳಿದ್ದಾಳೆ. ಇಂದಿನ ಹನೂರು ತಾಲ್ಲೂಕಿನಲ್ಲಿರುವ ಮಲೆ ಮಹದೇಶ್ವರ ಬೆಟ್ಟದ ಸುತ್ತ ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಹಾಕಾವ್ಯದಲ್ಲಿ ಸಂಕಮ್ಮನ ಸಾಲು ಎಂಬ ಭಾಗವಿದೆ. ಈ ಕಾವ್ಯವನ್ನು ಹಾಡುಗಾರರ ಬಾಯಿಂದ ಬರೆದುಕೊಂಡು ಅಚ್ಚಿಗೆ ತಂದವರಲ್ಲಿ ಪಿ.ಕೆ. ರಾಜಶೇಖರ ಅವರು ಮೊದಲಿಗರ ಸಾಲಿಗೆ ಸೇರುತ್ತಾರೆ. ಸಂಕಮ್ಮ ಸೋಲಿಗರ ಹೆಣ್ಣು, ನೀಲೇಗೌಡನ ಹೆಂಡತಿ. ಗಂಡ ಬಹುದಿನಗಳ ಮಟ್ಟಿಗೆ ಕಾಡಿಗೆ ಹೊರಡುತ್ತಾನೆ. ಹೊರಡುವ ಮುನ್ನ ಅವನ ಮನಸ್ಸಿನಲ್ಲಿ ಹುಳ ಹೊಕ್ಕುತ್ತದೆ. ತಾನಿಲ್ಲದಾಗ ಹೆಂಡತಿ ತಪ್ಪು ನಡೆದರೆ? ಭಾಷೆ ಕೊಡು ಎಂದು ಅವಳ ಮುಂದೆ ಕೈಯೊಡ್ಡುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಹೊಡೆತ, ಹಿಂಸೆ ಎಲ್ಲವೂ ನಡೆಯುತ್ತದೆ. ಕೊನೆಗೆ ಅವಳನ್ನು ಗುಡಿಸಲಿನಲ್ಲಿ ಕಟ್ಟಿಹಾಕಿ ಅವನು ಹೊರಟುಹೋಗುತ್ತಾನೆ. ಅವಳ ಮೊರೆ ಕೇಳಿ ಮಾದೇಶ್ವರ ಬರುವುದು, ಕಾರಯ್ಯ ಬಿಲ್ಲಯ್ಯ ಎಂಬ ಇಬ್ಬರು ಮಕ್ಕಳಾಗುವುದು, ಮರಳಿ ಬಂದ ಗಂಡ ಮತ್ತೆ ಶಂಕಿಸಿ ಪರೀಕ್ಷೆಗೊಡ್ಡುವುದು ಮುಂದಿನ ಕಥೆ. ಹಾಡುಗಾರರಿಂದ ಹಾಡುಗಾರರಿಗೆ ವಿವರಗಳು ಬದಲಾಗುತ್ತವೆ. ಭಾಷೆ ಕೊಡದ ಆ ನಿಲುವು ಮಾತ್ರ ಕಥೆಯ ಬೆನ್ನೆಲುಬಾಗಿ ಉಳಿಯುತ್ತದೆ.

ಗಮನಿಸಿ, ಅವಳು ತಪ್ಪು ಮಾಡಿದವಳಲ್ಲ. ಭಾಷೆ ಕೊಟ್ಟಿದ್ದರೆ ಅವಳಿಗೆ ನಷ್ಟವೇನೂ ಇರಲಿಲ್ಲ, ಹೊಡೆತವಾದರೂ ತಪ್ಪುತ್ತಿತ್ತು. ಆದರೂ ಅವಳು ಒಪ್ಪಲಿಲ್ಲ. ನಂಬಿಕೆ ಇದ್ದಲ್ಲಿ ಆಣೆಯ ಅಗತ್ಯವಿಲ್ಲ. ನಂಬಿಕೆ ಇಲ್ಲದಲ್ಲಿ ಆಣೆಯಿಂದ ಪ್ರಯೋಜನವೂ ಇಲ್ಲ. ಕೂಲಿಗೆಂದು, ಕಾರ್ಖಾನೆಗೆಂದು ಬೆಂಗಳೂರಿಗೋ ತಿರುಪ್ಪೂರಿಗೋ ಹೋಗಿ, ಅಲ್ಲಿಂದ ದಿನಕ್ಕೆ ನಾಲ್ಕು ಬಾರಿ ಫೋನ್ ಮಾಡಿ ಹೆಂಡತಿ ಎಲ್ಲಿದ್ದಾಳೆ, ಯಾರೊಡನೆ ಮಾತಾಡಿದಳು ಎಂದು ವಿಚಾರಿಸುವ ಗಂಡಂದಿರು ನಮ್ಮ ಊರುಗಳಲ್ಲಿ ಇಲ್ಲವೆನ್ನುವಿರಾ? ಸಂಕಮ್ಮನ ಹಾಡನ್ನು ಹಳೆಯದೆಂದು ಬದಿಗಿಡುವುದು ಅಷ್ಟು ಸುಲಭವಲ್ಲ. ಹೊನ್ನಮ್ಮ ಕಟ್ಟಿಕೊಟ್ಟ ಸತಿಧರ್ಮಕ್ಕೂ ಸಂಕಮ್ಮನ ಹಟಕ್ಕೂ ಇರುವ ಅಂತರವನ್ನು ನೋಡಿದರೆ, ಒಂದೇ ಸೀಮೆಯ ಹೆಂಗಸರು ಬಾಳನ್ನು ಎಷ್ಟು ಬಗೆಯಲ್ಲಿ ಯೋಚಿಸಿದ್ದರೆಂದು ಅಚ್ಚರಿಯಾಗುತ್ತದೆ.

ಇನ್ನು ಕಾದಂಬರಿಯ ಮಾತು. ಐತಿಹಾಸಿಕ ಕಾದಂಬರಿಯೆಂದರೆ ರಾಣಿಯರ ಕಥೆಯೆಂದು ಅನೇಕರು ತಿಳಿದಿದ್ದಾರೆ. ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಇಂದಿಗೂ ಓದಿಸಿಕೊಳ್ಳುತ್ತದೆ, ನಿಜ. ಆದರೆ ಪಟ್ಟದರಸಿಯ ದುಃಖ ನಮ್ಮ ಅಡುಗೆಮನೆಗೆ ಬಹಳ ದೂರ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಹತ್ತಿರ ಬರುತ್ತದೆ. ಕಡಲಂಚಿನ ಬಡ ಮನೆಯೊಂದನ್ನು ಮೂರು ತಲೆಮಾರುಗಳ ಕಾಲ ಎತ್ತಿ ನಿಲ್ಲಿಸಿದವರು ಪಾರೋತಿ, ಸರಸೋತಿ, ನಾಗವೇಣಿಯರೇ ಹೊರತು ಅಲ್ಲಿನ ಗಂಡಸರಲ್ಲ.

ಒಂದೇ ಪುಸ್ತಕವನ್ನು ಹೇಳಬೇಕೆಂದರೆ ನಾನು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ನನ್ನು ಹೇಳುತ್ತೇನೆ. 1976ರಲ್ಲಿ ಪ್ರಕಟವಾದ ಈ ಕಾದಂಬರಿಯ ನಾಯಕಿ ಲೇಖಕಿಯ ಬಂಧುಬಳಗದಲ್ಲಿ ನಿಜವಾಗಿ ಬಾಳಿದವರು. 1840ರಲ್ಲಿ ಹುಟ್ಟಿ 1952ರವರೆಗೆ, 112 ವರ್ಷ ಬದುಕಿದರು. 9ನೆಯ ವಯಸ್ಸಿಗೆ ಮದುವೆ. ಸ್ವಲ್ಪ ದಿನಗಳಲ್ಲಿಯೇ ಹುಡುಗ ಗಂಡ ಹಾವು ಕಚ್ಚಿ ಸತ್ತ. ಮುಂದೆ ಮೈನೆರೆದಾಗ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದರು. ಆಮೇಲೆ ಉಳಿದದ್ದು ನೂರು ವರ್ಷದ ದುಡಿಮೆ. ಹೆರಿಗೆ, ಬಾಣಂತನ, ಮಕ್ಕಳ ಲಾಲನೆ, ಮನೆಮಂದಿಯ ಅಡುಗೆ.

ಇಲ್ಲಿ ಚರಿತ್ರೆಯ ಪುಸ್ತಕವನ್ನೂ ಪಕ್ಕದಲ್ಲಿಟ್ಟುಕೊಂಡು ಓದಿ ನೋಡಿ. 1856ರಲ್ಲಿ ಕಂಪನಿ ಸರಕಾರ ವಿಧವಾ ವಿವಾಹಕ್ಕೆ ಕಾನೂನಿನ ಮನ್ನಣೆ ಕೊಟ್ಟಿತು. ಫಣಿಯಮ್ಮನಿಗೆ ಆಗ 16 ವರ್ಷ. 1894ರಲ್ಲಿ ಮೈಸೂರು ಸಂಸ್ಥಾನ 8 ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತು. ಆ ಕಾಲಕ್ಕೆ ಅದು ದಿಟ್ಟ ಹೆಜ್ಜೆಯೇ. ಆದರೆ ಆ ಕಾನೂನು ಮೊದಲೇ ಬಂದಿದ್ದರೂ 9 ವರ್ಷದ ಫಣಿಯಮ್ಮನ ಮದುವೆಯನ್ನು ತಡೆಯುತ್ತಿರಲಿಲ್ಲ! ಸುಧಾರಣೆಯ ಇಸವಿಗಳು ಚರಿತ್ರೆಯಲ್ಲಿ ದೊರೆಯುತ್ತವೆ. ಆ ಇಸವಿಗಳು ಒಂದು ಮನೆಯ ಹೊಸ್ತಿಲು ದಾಟಲು ಎಷ್ಟು ಕಾಲ ಬೇಕಾಯಿತೆಂಬುದು ಕಾದಂಬರಿಯಲ್ಲಿ ದೊರೆಯುತ್ತದೆ. ತಲೆ ಬೋಳಿಸಿಕೊಳ್ಳುವುದಿಲ್ಲವೆಂದು ತಿರುಗಿಬಿದ್ದ ಎಳೆಯ ವಿಧವೆಯೊಬ್ಬಳ ಪರವಾಗಿ ಮುದುಕಿ ಫಣಿಯಮ್ಮ ಮಾತಾಡುವ ಸಂದರ್ಭವನ್ನು ನಿಧಾನವಾಗಿ ಓದಿ. ತಾನು ಅನುಭವಿಸಿದ್ದನ್ನು ಇನ್ನೊಬ್ಬಳೂ ಅನುಭವಿಸಲಿ ಎನ್ನುವ ಹಿರಿಯರನ್ನು ನಾವು ಕಂಡಿದ್ದೇವೆ. ಇವರು ಹಾಗೆ ಮಾಡಲಿಲ್ಲ.

ಈ ಕಥೆ ಲೇಖಕಿಗೆ ದೊರೆತದ್ದು ಹೇಗೆ? ಫಣಿಯಮ್ಮ ತಮ್ಮ ಬಾಳನ್ನು ಇಂದಿರಾ ಅವರ ತಾಯಿಗೆ ಹೇಳಿಕೊಂಡಿದ್ದರು. ತಾಯಿಯಿಂದ ಅದು ಮಗಳಿಗೆ ಬಂತು. ದಫ್ತರವಿಲ್ಲ, ಶಾಸನವಿಲ್ಲ, ಇಬ್ಬರು ಹೆಂಗಸರು ಕುಳಿತು ಆಡಿದ ಮಾತು. ಕೇಳುವ ಕಿವಿ ಇರದಿದ್ದರೆ 112 ವರ್ಷಗಳ ಆ ಬಾಳು ಚಿತೆಯೊಂದಿಗೇ ಮುಗಿದುಹೋಗುತ್ತಿತ್ತು. ಹಾಗೆಂದು ಕಾದಂಬರಿಯ ಪ್ರತಿ ಮಾತನ್ನೂ ದಾಖಲೆಯೆಂದು ನಂಬಬೇಕಾಗಿಲ್ಲ. ಸಂಭಾಷಣೆ ಲೇಖಕಿಯದು, ಕಾಲ ಮತ್ತು ಕಷ್ಟ ಆ ಹೆಂಗಸಿನದು.

ನಮ್ಮ ಸೀಮೆಯ ಇತ್ತೀಚಿನ ಚರಿತ್ರೆಗೆ ಬಂದರೆ ಈ ಮಾತು ಇನ್ನೂ ಭಾರವಾಗುತ್ತದೆ. ವೀರಪ್ಪನ್ ಕಾಲವನ್ನು ಹನೂರು, ರಾಮಾಪುರ, ಮಾರ್ಟಳ್ಳಿ ಕಡೆಯ ಹಿರಿಯರು ಮರೆತಿಲ್ಲ. 1992ರಲ್ಲಿ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ದಾಳಿಯಾಯಿತು. ಅದೇ ವರ್ಷ ಮೀಣ್ಯದ ಬಳಿ ಎಸ್.ಪಿ. ಹರಿಕೃಷ್ಣ ಅವರೂ ಶಕೀಲ್ ಅಹಮದ್ ಅವರೂ ಬಲಿಯಾದರು. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿಯ ಸ್ಫೋಟ 22 ಜನರನ್ನು ಕೊಂದಿತು. ಇವು ಪತ್ರಿಕೆಗಳಲ್ಲಿ ಬಂದ ಸಂಗತಿಗಳು. ಸತ್ತವರ ಹೆಂಡಿರು ಮಕ್ಕಳು ಆಮೇಲೆ ಹೇಗೆ ಬಾಳಿದರು? ಇನ್ನೊಂದು ಕಡೆ, ಟಾಡಾ ಕಾಯ್ದೆಯಡಿ ಬಂಧಿತರಾಗಿ ವರ್ಷಗಟ್ಟಲೆ ಮೈಸೂರಿನ ಜೈಲಿನಲ್ಲಿದ್ದವರಲ್ಲಿ ಬಹುಪಾಲು ಜನರನ್ನು 2001ರಲ್ಲಿ ವಿಶೇಷ ನ್ಯಾಯಾಲಯ ಬಿಡುಗಡೆ ಮಾಡಿತು. ಅಷ್ಟು ವರ್ಷ ಅವರ ಮನೆಯ ಒಲೆ ಉರಿಸಿದವರು ಯಾರೆಂದು ತೀರ್ಪು ಹೇಳುವುದಿಲ್ಲ. ಹೇಳುವುದು ಅದರ ಕೆಲಸವೂ ಅಲ್ಲ. ಕಾರ್ಯಾಚರಣೆಯ ಹೆಸರಿನಲ್ಲಿ ನಡೆದ ದೌರ್ಜನ್ಯಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಸದಾಶಿವ ಅವರ ಸಮಿತಿಯನ್ನು ನೇಮಿಸಿತು. 2007ರಲ್ಲಿ ಎರಡೂ ರಾಜ್ಯಗಳ 89 ಜನರಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಆಯೋಗ ಸೂಚಿಸಿತು. ನೊಂದವರಲ್ಲಿ ಹೆಣ್ಣುಮಕ್ಕಳೂ ಇದ್ದರು.

ಈ ಕಾಲದ ಬಗ್ಗೆ ವೀರಪ್ಪನ್‌ನನ್ನು ನಡುವೆ ನಿಲ್ಲಿಸಿದ ಪುಸ್ತಕಗಳೂ ಚಿತ್ರಗಳೂ ಸಾಕಷ್ಟಿವೆ. ಹೆಂಗಸರನ್ನು ನಡುವೆ ನಿಲ್ಲಿಸಿದ ಕಾದಂಬರಿಯೊಂದು ನೆರೆಯ ತಮಿಳಿನಲ್ಲಿ ಬಂದಿದೆ. ಮಾನವ ಹಕ್ಕುಗಳಿಗಾಗಿ ದುಡಿದ ವಕೀಲ ಎಸ್. ಬಾಲಮುರುಗನ್ ಅವರ ‘ಸೋಳಗರ್ ತೊಟ್ಟಿ’ ಪ್ರಕಟವಾದದ್ದು 2004ರಲ್ಲಿ. ವೀರಪ್ಪನ್ ಹತನಾದದ್ದೂ ಅದೇ ವರ್ಷದ ಅಕ್ಟೋಬರಿನಲ್ಲಿ. ಗಡಿಯಾಚೆಯ ಸೋಲಿಗರ ಹಾಡಿಯೊಂದರ ಕಥೆಯಿದು. ಮೊದಲ ಭಾಗದಲ್ಲಿ ಕಾಡಿದೆ, ಹಬ್ಬವಿದೆ, ಮದುವೆಯಿದೆ, ಕೈತಪ್ಪುವ ಹೊಲವಿದೆ. ಎರಡನೆಯ ಭಾಗದಲ್ಲಿ ಶೋಧಕಾರ್ಯದ ಶಿಬಿರಗಳು ಬರುತ್ತವೆ. ಕಾಡಿನಲ್ಲಿರುವವನ ಸುಳಿವಿಗಾಗಿ ಏನೂ ಅರಿಯದ ಸೋಲಿಗ ಹೆಂಗಸರನ್ನು ಹಿಡಿದು ಹಿಂಸಿಸುತ್ತಾರೆ. ಗುಡಿಸಲಿನಲ್ಲಿ ಕಟ್ಟಿಹಾಕಲ್ಪಟ್ಟ ಸಂಕಮ್ಮನ ನೆನಪಾಗದೆ ಇದನ್ನು ಓದಲಾಗದು. ಅದೇ ಕುಲ, ಅದೇ ಬೆಟ್ಟಸಾಲು. ಅಲ್ಲಿ ಮೊರೆಗೆ ಬಂದ ದೇವರಿದ್ದ. ಇಲ್ಲಿ ಅವರ ನೆರವಿಗೆ ಇರುವುದು ಒಬ್ಬರಿಗೊಬ್ಬರು ಮಾತ್ರ.

ಮಾರ್ಟಳ್ಳಿಯ ಕಡೆಯ ಮನೆಗಳಲ್ಲಿ ತಮಿಳು ಓದಬಲ್ಲವರು ಅನೇಕರಿದ್ದಾರೆ. ಅಂಥವರು ಈ ಪುಸ್ತಕವನ್ನು ತರಿಸಿ, ತಮಿಳು ಬಾರದ ನೆರೆಯವರಿಗೆ ಒಂದೊಂದು ಅಧ್ಯಾಯವನ್ನು ಕನ್ನಡದಲ್ಲಿ ಹೇಳಬಹುದು. ಆ ದಿನಗಳನ್ನು ಕಂಡ ಹಿರಿಯ ಹೆಂಗಸರು ಕೂಟದಲ್ಲಿದ್ದರೆ ಅವರು ಮಾತಾಡಲು ತೊಡಗುವವರೆಗೆ ಕಾಯಿರಿ, ಒತ್ತಾಯಿಸಬೇಡಿ. ಎರಡನೆಯ ಭಾಗ ಬಹಳ ಕಠಿಣವಾಗಿದೆ. ಶಾಲೆಯ ಮಕ್ಕಳ ಕೈಗೆ ಕೊಡುವ ಮೊದಲು ದೊಡ್ಡವರು ಓದಿಕೊಳ್ಳುವುದು ಒಳ್ಳೆಯದು. ಅವರಿಗೆ ಸದ್ಯಕ್ಕೆ ‘ಫಣಿಯಮ್ಮ’ ಸಾಕು. ಅದು ಚಿಕ್ಕ ಪುಸ್ತಕ. ಬಿಡುವಿನ ಎರಡು ದಿನಗಳಲ್ಲಿ ಓದಿ ಮುಗಿಸಬಹುದು.