ಕೆರೆ, ತೋಪು, ಬಿಡಾರ

ಬೆಂಗಳೂರಿನ ಪೇಟೆಯಿಂದ ಪಶ್ಚಿಮಾಭಿಮುಖವಾಗಿ ಹೊರಟು, ಕಾಮಾಕ್ಷಿಪಾಳ್ಯವನ್ನು ದಾಟಿ, ಸುಂಕದಕಟ್ಟೆ, ಹೇರೋಹಳ್ಳಿ, ಬ್ಯಾಡರಹಳ್ಳಿ, ತಾವರೆಕೆರೆಗಳ ಮಾರ್ಗವಾಗಿ ಮಾಗಡಿಯನ್ನು ಸೇರುವ ರಸ್ತೆಯಲ್ಲಿ ಇಂದು ಬಸ್ಸಿನ ಕಂಬಿಯನ್ನು ಹಿಡಿದು ನಿಂತು ಸಂಚರಿಸುವವನಿಗೆ, ಇದೇ ಹಾದಿಯಲ್ಲಿ ಬಯಲಿನ ತಂಗುವಿಕೆಯಿಲ್ಲದೆ ಪ್ರಯಾಣವೇ ಮುಗಿಯದಿದ್ದ ಕಾಲವೊಂದಿತ್ತೆಂದರೆ ಸುಲಭವಾಗಿ ನಂಬಿಕೆ ಬಾರದು. ಹೊರೆ ಹೊತ್ತ ಎತ್ತಿನ ಗಾಡಿಯ ನಡಿಗೆ ಗಂಟೆಗೆ ಎರಡು ಮೈಲಿಯನ್ನು ಮೀರುವುದು ಅಪರೂಪ. ಮಾಗಡಿಯಿಂದ ಪೇಟೆಗೆ ಹೆಚ್ಚುಕಡಮೆ 30 ಮೈಲಿ. ರಾಗಿಯನ್ನೋ ಸೌದೆಯನ್ನೋ ಹೇರಿಕೊಂಡು ಹೊರಟ ರೈತನು ಎತ್ತುಗಳ ಬಾಯಾರಿಕೆಯನ್ನೂ ಬಿಸಿಲಿನ ಝಳವನ್ನೂ ಲೆಕ್ಕಕ್ಕೆ ಹಿಡಿದು, ತಂಪು ಹೊತ್ತಿನಲ್ಲಿ ನಡೆದು, ಉಳಿದ ಹೊತ್ತಿನಲ್ಲಿ ನೀರೂ ನೆರಳೂ ಒಂದೆಡೆ ದೊರೆಯುವ ಸ್ಥಳವನ್ನು ಅರಸಿ ಗಾಡಿ ಬಿಡಬೇಕಾಗಿತ್ತು. ಅಂತಹ ಸ್ಥಳವು ಮೈಸೂರು ಸೀಮೆಯ ಬಹುತೇಕ ಊರುಗಳಲ್ಲಿ ಸಿದ್ಧವಾಗಿಯೇ ಇತ್ತು: ಕೆರೆಯ ಏರಿಯ ಆಚೆಯೋ ಈಚೆಯೋ ಇರುವ ಗುಂಡುತೋಪು.

ಡೇರೆ ಹೊಡೆದು ನೀರಿನ ದಡದಲ್ಲಿ ರಾತ್ರಿ ಕಳೆಯುವುದನ್ನು ನಾವೀಗ ಪಶ್ಚಿಮದಿಂದ ಬಂದ ವಿನೋದವೆಂದು ಭಾವಿಸುತ್ತೇವೆ. ವಿನೋದವೆಂಬಷ್ಟರ ಮಟ್ಟಿಗೆ ಅದು ನಿಜವೇ. 1907ರ ಆಗಸ್ಟಿನಲ್ಲಿ ಬೇಡನ್ ಪೊವೆಲ್ಲರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಸುಮಾರು ಇಪ್ಪತ್ತು ಮಂದಿ ಹುಡುಗರನ್ನು ಕರೆದೊಯ್ದು ನಡೆಸಿದ ಶಿಬಿರದಿಂದ ಸ್ಕೌಟು ಚಳವಳಿ ಹುಟ್ಟಿತು. ಅದರ ಗಾಳಿ ಬೀಸಿದ ಮೇಲೆ ನಮ್ಮ ಶಾಲೆಗಳ ಮಕ್ಕಳೂ ಹಗ್ಗದ ಗಂಟು ಹಾಕುವುದನ್ನು, ಗೂಟ ಬಡಿಯುವುದನ್ನು ಪಾಠದಂತೆ ಕಲಿತರು. ಆದರೆ ಅವರ ಅಜ್ಜಂದಿರು ಇದನ್ನೆಲ್ಲ ಯಾರಿಂದಲೂ ಪಾಠ ಹೇಳಿಸಿಕೊಳ್ಳದೆಯೇ ಮಾಡುತ್ತಿದ್ದರು. ಅದಕ್ಕೆ ಬಿಲ್ಲೆಯನ್ನಾಗಲಿ ಪದಕವನ್ನಾಗಲಿ ಕೇಳುತ್ತಿರಲಿಲ್ಲ.

ಗುಂಡುತೋಪಿನ ವ್ಯವಸ್ಥೆಯಲ್ಲಿ ಒಂದು ಸೂಕ್ಷ್ಮವಾದ ನ್ಯಾಯವಿತ್ತು. ಮಾವು, ಹುಣಿಸೆ, ನೇರಳೆ, ಹೊಂಗೆ, ಹಿಪ್ಪೆಗಳನ್ನು ಪುಣ್ಯಾರ್ಥವಾಗಿ ನೆಟ್ಟವನು ಒಬ್ಬ ಗೌಡನಿರಬಹುದು, ಒಬ್ಬ ವರ್ತಕನಿರಬಹುದು, ಸರ್ಕಾರವೇ ಇರಬಹುದು. ಫಲವನ್ನು ಹರಾಜಿನಲ್ಲಿ ಹಿಡಿದ ಗುತ್ತಿಗೆದಾರನಿಗೆ ಕಾಯಿಯ ಮೇಲೆ ಹಕ್ಕುಂಟೇ ಹೊರತು ನೆರಳಿನ ಮೇಲಿಲ್ಲ. ನೆರಳು ದಾರಿಹೋಕನದು. ಉದುರಿದ ತರಗೆಲೆ, ಒಣಗಿದ ಪುಳ್ಳೆ ಯಾರು ಆಯ್ದುಕೊಂಡರೆ ಅವರದು. ಕೆರೆಯ ನೀರಿಗೂ ಇಂತಹದೇ ಕಟ್ಟಳೆ: ಕುಡಿಯುವ ನೀರನ್ನು ಎಲ್ಲಿ ಮೊಗೆಯಬೇಕು, ದನಗಳ ಮೈ ಎಲ್ಲಿ ತೊಳೆಯಬೇಕು ಎಂಬುದನ್ನು ಹೇಳಲು ನೀರಗಂಟಿಯಿದ್ದ, ಊರಿನಿಂದ ಊರಿಗೆ ಹೋಗುವ ಪ್ರಯಾಣಿಕರಿಗೆ ಕಾವಲಾಗಿ ನಡೆಯುವುದೂ ಕಳವಿನ ಸುಳಿವು ಹಿಡಿಯುವುದೂ ತಳವಾರನ ಪಾಲಿನ ಕೆಲಸ. ಇವರಿಬ್ಬರೂ ಆಯಗಾರರಾಗಿ ಸುಗ್ಗಿಯ ಕಣದಲ್ಲಿ ತಮ್ಮ ಆಯವನ್ನು ಪಡೆಯುತ್ತಿದ್ದುದರಿಂದ, ತೋಪಿನಲ್ಲಿ ಇಳಿದ ಪರಸ್ಥಳದವನ ಸುರಕ್ಷಿತತೆಯ ವೆಚ್ಚವನ್ನು, ಅವನಿಗೆ ಅರಿವಿಲ್ಲದೆಯೇ, ಆ ಊರಿನ ಬೆಳೆಯು ಭರಿಸುತ್ತಿತ್ತು.

ಗಾಡಿಗಳ ಸಾಲೊಂದು ತೋಪಿನಲ್ಲಿ ಬಿಡಾರ ಮಾಡುವ ಬಗೆಯನ್ನು ಕಂಡವರು ಇಂದಿಗೂ ಅಲ್ಲಲ್ಲಿ ಉಳಿದಿದ್ದಾರೆ. ನೊಗದಿಂದ ಎತ್ತುಗಳನ್ನು ಬಿಚ್ಚಿ, ಮೂಕಿಗೆ ಊರೆಗೋಲು ಕೊಟ್ಟು ಗಾಡಿಯನ್ನು ಸಮನಾಗಿ ನಿಲ್ಲಿಸಿದ ಮೇಲೆ ಗಾಡಿಯವನ ಮೊದಲ ಗಮನ ತನ್ನ ಹೊಟ್ಟೆಯ ಕಡೆಗಲ್ಲ. ಎತ್ತಿಗೆ ನೀರು ತೋರಿಸಿ, ಹುಲ್ಲು ಹಾಕಿ, ನೊಗ ಉಜ್ಜಿದ ಹೆಗಲನ್ನು ತಡವಿ ನೋಡಿ, ಹರಳೆಣ್ಣೆಗೆ ಹುಲ್ಲಿನ ಬೂದಿಯನ್ನು ಕಲಸಿದ ಕಪ್ಪು ಕೀಲೆಣ್ಣೆಯನ್ನು ಅಚ್ಚಿಗೆ ಸವರಿ, ಆಮೇಲೆ ಮೂರು ಕಲ್ಲನ್ನು ಹೂಡಿ ಒಲೆ ಹೊತ್ತಿಸುತ್ತಿದ್ದ. ಹಿಟ್ಟು ಬೇಯುವ ಹೊತ್ತಿಗೆ ಹುರುಳಿಯ ಸಾರು ಕುದಿಯಬೇಕು. ಮುತ್ತುಗದ ಎಲೆ ಸಿಕ್ಕಿದರೆ ಅದೇ ತಣಿಗೆ. ಗಾಡಿಯ ಅಡಿಯಲ್ಲಿ ಗೋಣಿತಾಟು ಹಾಸಿ, ಎತ್ತಿನ ಹಗ್ಗವನ್ನು ಕೈಗೆ ಸಿಗುವಂತೆ ಇಟ್ಟುಕೊಂಡು ಮಲಗುವ ಅವನ ನಿದ್ರೆ ಅರ್ಧ ಎಚ್ಚರವೇ. ಮುಂಜಾನೆ ಕಂದೀಲು ತೂಗಾಡಿಸುತ್ತ ಸಾಲು ಹೊರಟುಹೋದ ಮೇಲೆ ತೋಪಿನಲ್ಲಿ ಉಳಿಯುತ್ತಿದ್ದುದು ಬೂದಿ ಮತ್ತು ಸಗಣಿ. ಎರಡನ್ನೂ ಊರಿನವರು ತಮ್ಮ ತಿಪ್ಪೆಗೆ ಹೊತ್ತೊಯ್ಯುತ್ತಿದ್ದರು.

ಎಲ್ಲ ಬಿಡಾರಗಳೂ ಇಷ್ಟು ಸೌಮ್ಯವಾಗಿರಲಿಲ್ಲ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ದಂಡು ಇದೇ ಮಾಗಡಿ ಸೀಮೆಯಲ್ಲಿ ಪಾಳೆಯ ಬಿಟ್ಟು ಆ ತಿಂಗಳ 21ರಂದು ಸಾವನದುರ್ಗವನ್ನು ಹಿಡಿಯಿತು. ಅದರ ಬೆನ್ನಿಗೆ ಹೇರೆತ್ತುಗಳ ಮೇಲೆ ಧಾನ್ಯವನ್ನು ತರುವ ಲಂಬಾಣಿಗಳಿದ್ದರು. ಮರುವರ್ಷ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಆ ಸೈನ್ಯವು ಟಿಪ್ಪುವಿನ ಲಾಲ್‌ಬಾಗಿನ ಮರಗಳನ್ನೇ ಕಡಿದು ಮುತ್ತಿಗೆಯ ಕೆಲಸಕ್ಕೆ ಬಳಸಿಕೊಂಡಿತೆಂಬುದನ್ನು ನೆನೆದರೆ, ದಂಡು ಇಳಿದ ದಾರಿಯ ತೋಪುಗಳ ಗತಿಯನ್ನು ಊಹಿಸಲು ಹೆಚ್ಚಿನ ಕಲ್ಪನೆ ಬೇಕಾಗದು. ಯುದ್ಧಗಳೆಲ್ಲ ಮುಗಿದ ಬಳಿಕ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕಂಪನಿ ಸರ್ಕಾರದ ಆಜ್ಞೆಯಂತೆ ಮೈಸೂರು ಸೀಮೆಯನ್ನು ಊರಿಂದೂರಿಗೆ ಬಿಡಾರ ಬದಲಿಸುತ್ತ ಸುತ್ತಿ, ಮಾಗಡಿಯ ಕಾಡುಗಳನ್ನೂ ಅಲ್ಲಿನ ಕಬ್ಬಿಣದ ಕುಲುಮೆಗಳನ್ನೂ ನೋಡಿ, ಕಂಡುದನ್ನೆಲ್ಲ ಏಳು ವರ್ಷಗಳ ತರುವಾಯ ಮೂರು ಸಂಪುಟಗಳಲ್ಲಿ ಪ್ರಕಟಿಸಿದನು.

ತರುವಾಯದ ಕಾಲದಲ್ಲಿ ತೋಪಿನ ದೊಡ್ಡ ಅತಿಥಿಯೆಂದರೆ ಸರ್ಕಾರಿ ಅಧಿಕಾರಿ. ಅಮಲ್ದಾರರ ಮೊಕ್ಕಾಂ ಎಂದರೆ ಡೇರೆ, ದಫ್ತರ, ಅಡಿಗೆಯವನು, ಜವಾನರು, ಕುದುರೆ, ಶ್ಯಾನುಭೋಗ ಪಟೇಲರು ಖಿರ್ದಿ ಹೊತ್ತು ಕಾಯುವುದು, ಜಮಾಬಂದಿಯ ವಾದವಿವಾದ. ನವರತ್ನ ರಾಮರಾಯರ ‘ಕೆಲವು ನೆನಪುಗಳು’ ಓದಿದವರಿಗೆ ಆ ಅಧಿಕಾರಿಜೀವನದ ರುಚಿ ಪರಿಚಿತ. ಮರದಡಿಯಲ್ಲಿ ಕುಳಿತು ರೈತನ ಅಹವಾಲನ್ನು ಕೇಳುವ ಅಧಿಕಾರಿಯ ಚಿತ್ರವನ್ನು ನಾವು ಬಹಳ ಮೆಚ್ಚಿಕೊಳ್ಳುತ್ತೇವೆ. ಆದರೆ ಸಾಹೇಬರ ಬಿಡಾರಕ್ಕೆ ಸೌದೆ, ಹಾಲು, ಹುಲ್ಲು ಸರಬರಾಯಿ ಮಾಡಿದವನಿಗೆ ಎಲ್ಲ ಕಾಲದಲ್ಲಿಯೂ ಕಾಸು ಮುಟ್ಟುತ್ತಿತ್ತೆಂದು ನಾನು ಹೇಳಲಾರೆ. ಅಧಿಕಾರ ಡೇರೆ ಹೊಡೆದಾಗ ಗಾಡಿಯವನು ಎತ್ತು ಕಟ್ಟಲು ಬೇರೆ ಮರವನ್ನು ನೋಡಿಕೊಳ್ಳಬೇಕಾಗಿತ್ತು.

ಗುಂಡುತೋಪೆಂಬ ಈ ಸಂಸ್ಥೆ ನಶಿಸಿದ್ದು ಒಂದು ದಿನದಲ್ಲಲ್ಲ, ಒಂದೇ ಕಾರಣದಿಂದಲೂ ಅಲ್ಲ. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, 1890ರ ದಶಕದಲ್ಲಿ, ಅರ್ಕಾವತಿಯ ನೀರು ಹೆಸರಘಟ್ಟದಿಂದ ಕೊಳವೆಯಲ್ಲಿ ಬೆಂಗಳೂರಿಗೆ ಹರಿಯಿತು. 1933ರಲ್ಲಿ ಇದೇ ಮಾಗಡಿ ದಿಕ್ಕಿನ ತಿಪ್ಪಗೊಂಡನಹಳ್ಳಿಯಲ್ಲಿ, ಅರ್ಕಾವತಿಗೆ ಕುಮುದ್ವತಿ ಕೂಡುವ ಎಡೆಯಲ್ಲಿ, ಚಾಮರಾಜಸಾಗರವು ಸಿದ್ಧವಾಯಿತು. ನಲ್ಲಿಯ ನೀರು ಕುಡಿಯುವ ನಗರಕ್ಕೆ ಕೆರೆಯ ನೆನಪು ಮಸುಕಾಗುವುದು ಸಹಜ; ಕೆಂಪೇಗೌಡರ ಕಾಲದ ಧರ್ಮಾಂಬುಧಿಯ ಅಂಗಳ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯ ಜಾಗ ಕ್ರೀಡಾಂಗಣವಾಯಿತು. ಮೋಟಾರು ಬಸ್ಸೂ ಲಾರಿಯೂ ಬಂದ ಮೇಲೆ 30 ಮೈಲಿಯ ದಾರಿಗೆ ನಡುದಾರಿಯ ತಂಗುದಾಣವೇ ಬೇಡವಾಯಿತು. ತಂಗುವವರಿಲ್ಲದ ತೋಪು ಕಾಗದದಲ್ಲಿ ‘ಸರ್ಕಾರಿ’ ಎಂದೇ ಉಳಿದು, ನೆಲದ ಮೇಲೆ ಯಾರದೂ ಅಲ್ಲದ್ದಾಯಿತು. ಶಾಲೆಗೆ ಒಂದು ಪಾಲು, ನಿವೇಶನಕ್ಕೆ ಒಂದು ಪಾಲು, ಬೇಲಿ ಸರಿಸಿದವನಿಗೆ ಒಂದು ಪಾಲು. ಒಂದು ಮರವೂ ಕಾಣದ ಸರ್ವೆ ನಂಬರಿಗೆ ಪಹಣಿಯಲ್ಲಿ ಗುಂಡುತೋಪೆಂಬ ಹೆಸರು ಇನ್ನೂ ಬರುತ್ತಿರುವುದನ್ನು ತಾಲ್ಲೂಕು ಕಛೇರಿಗೆ ಅಲೆದವರು ಬಲ್ಲರು.

ಇತ್ತ ಅವಶ್ಯಕತೆಯಾಗಿದ್ದುದು ತೊಲಗುತ್ತಿದ್ದಂತೆ ಅತ್ತ ಅದೇ ವಸ್ತು ವಿಹಾರವಾಗಿ ಮರಳಿತು. ಕಾರ್ತಿಕದಲ್ಲಿ ನೆಲ್ಲಿಯ ಮರದ ಬುಡದಲ್ಲಿ ಪೂಜೆ ಮಾಡಿ ಉಣ್ಣುವ ವನಭೋಜನದ ಪದ್ಧತಿ ಮೊದಲಿನಿಂದಲೇ ಇತ್ತು. ಅದಕ್ಕೆ ಶಾಲೆಗಳ ಹೊರಸಂಚಾರ ಸೇರಿತು. ರಾಜಾಜಿನಗರ, ವಿಜಯನಗರಗಳು ಬೆಳೆದ ಬಳಿಕ ಅಲ್ಲಿನ ಸಂಸಾರಗಳು ಪುಳಿಯೋಗರೆ ಮೊಸರನ್ನದ ಡಬ್ಬಿಗಳನ್ನು ಹೊತ್ತು ಚಾಮರಾಜಸಾಗರಕ್ಕೂ, ಸುಮಾರು ಮೂರು ಎಕರೆಗೆ ಬಿಳಲು ಬಿಟ್ಟು ಹರಡಿದ ರಾಮೋಹಳ್ಳಿಯ ದೊಡ್ಡ ಆಲದ ಮರಕ್ಕೂ ಭಾನುವಾರಗಳಲ್ಲಿ ಹೋಗಿಬರುವುದು ವಾಡಿಕೆಯಾಯಿತು. ಆದರೆ ಇವೆಲ್ಲ ಹಗಲಿನ ಸಂಭ್ರಮ. ಸಂಜೆಯ ಬಸ್ಸು ತಪ್ಪುವಂತಿಲ್ಲ. ನೀರಿನ ದಡದಲ್ಲಿ ರಾತ್ರಿ ಕಳೆಯುವ ಸುಖ ಬೇಕಾದವನಿಗೆ ಮಂಚನಬೆಲೆಯ ಆಸುಪಾಸಿನಲ್ಲಿ ನೈಲಾನ್ ಡೇರೆಯೂ ಕ್ಯಾಂಪ್ ಫೈರ್ ಎಂಬ ಬೆಂಕಿಯೂ ಇಂದು ತಲೆಗಿಷ್ಟೆಂಬ ದರಕ್ಕೆ ದೊರೆಯುತ್ತವೆ. ಸುಂಕದಕಟ್ಟೆಯ ನೆರೆಯ ಹೇರೋಹಳ್ಳಿ ಕೆರೆಗೆ ನಡಿಗೆಯ ಪಥವನ್ನೂ ಬೇಲಿಯನ್ನೂ ಹಾಕಿ ಉಳಿಸಿಕೊಂಡಿರುವುದು ಸಂತೋಷದ ವಿಷಯವೇ. ಅಲ್ಲಿ ಮೂರು ಕಲ್ಲು ಹೂಡಿ ಒಲೆ ಹಚ್ಚಲು ಹೋದರೆ ಕಾವಲುಗಾರನು ಓಡಿಬರುವುದು ಖಂಡಿತ. ಅದೂ ನ್ಯಾಯವೇ, ಸಹಸ್ರಾರು ಮಂದಿ ಬಂದು ಹೋಗುವ ದಡದಲ್ಲಿ ಬೂದಿಯನ್ನು ಹೊತ್ತೊಯ್ಯಲು ತಿಪ್ಪೆಗಳಿಲ್ಲವಷ್ಟೆ.

ಹಳೆಯ ಬಗೆಯ ಬಿಡಾರವನ್ನು ನೋಡಬೇಕೆನ್ನುವವರು ಈಗ ದನಗಳ ಜಾತ್ರೆಗೆ ಹೋಗಬೇಕು. ಚೈತ್ರದಲ್ಲಿ ಮಾಗಡಿಯ ತಿರುಮಲೆಯ ರಂಗನಾಥಸ್ವಾಮಿಯ ಸನ್ನಿಧಿಯಲ್ಲಿಯೂ, ಚಳಿಗಾಲದಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿಯೂ ಜೋಡಿ ಹೋರಿಗಳನ್ನು ಕಟ್ಟಿಕೊಂಡು ರೈತರು ಹಲವು ರಾತ್ರಿ ಬಯಲಿನಲ್ಲಿಯೇ ಇರುತ್ತಾರೆ. ಎತ್ತುಗಳು ಬರುವುದು ಮಿನಿ ಲಾರಿಯಲ್ಲಿ, ನೆರಳಿಗೆ ಬಾಡಿಗೆಯ ಶಾಮಿಯಾನ, ಅನ್ನ ಬೇಯುವುದು ಗ್ಯಾಸಿನ ಒಲೆಯ ಮೇಲೆ. ಆದರೂ ಯಜಮಾನನು ತನ್ನ ತಟ್ಟೆಯ ಮುಂದೆ ಕೂರುವ ಮೊದಲು ಹೋರಿಗೆ ನೀರು ತೋರಿಸಿ ಬರುತ್ತಾನೆ.