ಹಂದಿ, ಸೊಳ್ಳೆ ಮತ್ತು ಗದ್ದೆಯ ನೀರು



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯವರಾದ ನಿಮಗೆ ಹೇಮಾವತಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. 1979ರಲ್ಲಿ ಗೊರೂರಿನ ಅಣೆಕಟ್ಟು ಪೂರ್ಣಗೊಂಡಿತು. ನಾಲೆಯ ನೀರು ಹರಿದಲ್ಲಿ ಹೊಲಗಳು ಗದ್ದೆಗಳಾದವು. ಭತ್ತಕ್ಕೆ ಬೇಕಾದ ಈ ನಿಂತ ನೀರು ಒಂದು ಸೊಳ್ಳೆಗೂ ಬೇಕು. ಅದರ ಹೆಸರು ಕ್ಯೂಲೆಕ್ಸ್ ಟ್ರೈಟೀನಿಯೋರಿಂಕಸ್. ಜಪಾನೀಸ್ ಎನ್ಸೆಫಲೈಟಿಸ್, ಅಂದರೆ ಮೆದುಳು ಜ್ವರದ ವೈರಸ್ಸನ್ನು ಹೊತ್ತು ತಿರುಗುವುದರಲ್ಲಿ ಇದಕ್ಕೇ ಅಗ್ರಸ್ಥಾನ.

ಈ ಜ್ವರವನ್ನು ಜಪಾನಿನ ವೈದ್ಯರು 1871ರಲ್ಲೇ ಗುರುತಿಸಿದ್ದರು. 1924ರಲ್ಲಿ ಅಲ್ಲಿ 6,000ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. 1935ರಲ್ಲಿ ರೋಗಿಯೊಬ್ಬರ ಮೆದುಳಿನಿಂದ ವೈರಸ್ ಬೇರ್ಪಡಿಸಲಾಯಿತು. 1938ರಲ್ಲಿ ಅದು ಸೊಳ್ಳೆಯಲ್ಲೂ ಸಿಕ್ಕಿತು. ಆದರೆ ಸೊಳ್ಳೆಗೆ ಅದು ಎಲ್ಲಿಂದ ಬರುತ್ತದೆ? 1950ರ ದಶಕದಲ್ಲಿ ಟೋಕಿಯೋ ಸುತ್ತಮುತ್ತ ನಡೆದ ಅಧ್ಯಯನಗಳು ಉತ್ತರ ಕೊಟ್ಟವು: ಬೆಳ್ಳಕ್ಕಿಗಳಿಂದ ಮತ್ತು ಹಂದಿಗಳಿಂದ.

ಸೋಂಕು ತಗಲಿದ ಹಂದಿಯ ರಕ್ತದಲ್ಲಿ ಕೆಲವು ದಿನ ವೈರಸ್ ಹೇರಳವಾಗಿರುತ್ತದೆ. ಆಗ ಕಚ್ಚಿದ ಸೊಳ್ಳೆ ಅದನ್ನು ಮುಂದಕ್ಕೆ ಒಯ್ಯುತ್ತದೆ. ಬೆಳೆದ ಹಂದಿ ಸಾಮಾನ್ಯವಾಗಿ ಕಾಯಿಲೆ ಬಿದ್ದಂತೆ ಕಾಣುವುದೇ ಇಲ್ಲ. ಗಬ್ಬದ ಹಂದಿ ಸತ್ತ ಮರಿಗಳನ್ನು ಹಾಕಿದಾಗಲೇ ಸಾಕಿದವನಿಗೆ ಅನುಮಾನ ಬರುವುದು. ಒಮ್ಮೆ ಸೋಂಕಾದ ಹಂದಿಗೆ ರೋಗನಿರೋಧಕ ಶಕ್ತಿ ಬರುತ್ತದೆ, ನಿಜ. ಆದರೆ ಸಾಕಿದ ಹಂದಿಗಳು ಬೇಗ ಮಾರಾಟವಾಗಿ, ಹೊಸ ಮರಿಗಳು ಬರುತ್ತಲೇ ಇರುತ್ತವೆ. ವೈರಸ್ಸಿಗೆ ವರ್ಷವರ್ಷವೂ ಹೊಸ ಆಸರೆ! 2022ರಲ್ಲಿ ಆಸ್ಟ್ರೇಲಿಯಾದ ಹಲವು ರಾಜ್ಯಗಳ ಹಂದಿ ಸಾಕಣೆ ಕೇಂದ್ರಗಳಲ್ಲಿ ಈ ರೋಗ ಕಾಣಿಸಿಕೊಂಡಾಗಲೂ ಸುಳಿವು ಕೊಟ್ಟದ್ದು ಸತ್ತು ಹುಟ್ಟಿದ ಮರಿಗಳೇ.

ಭಾರತದಲ್ಲಿ ಈ ರೋಗ ಮೊದಲು ಪತ್ತೆಯಾದದ್ದು 1955ರಲ್ಲಿ, ವೆಲ್ಲೂರಿನಲ್ಲಿ. 1970ರ ದಶಕದ ಉತ್ತರಾರ್ಧದಲ್ಲಿ ಕೋಲಾರ ಜಿಲ್ಲೆಯಲ್ಲಿ ಹಾವಳಿಯಾಯಿತು. ಮುಂದೆ ಮಂಡ್ಯದಲ್ಲೂ ಕಾಣಿಸಿಕೊಂಡಿತು. ಒಂದು ಕೆರೆಗಳ ಜಿಲ್ಲೆ, ಇನ್ನೊಂದು ನಾಲೆಗಳ ಜಿಲ್ಲೆ. ಎರಡಕ್ಕೂ ಸಮಾನವಾದದ್ದು ಭತ್ತದ ಗದ್ದೆ. ಚನ್ನರಾಯಪಟ್ಟಣದ ಗಡಿ ದಾಟಿದರೆ ಮಂಡ್ಯ ಜಿಲ್ಲೆಯೇ ಎಂಬುದನ್ನು ನೆನಪಿಡಿ. ಸೊಳ್ಳೆಗೆ ಜಿಲ್ಲೆಯ ಗಡಿ ಗೊತ್ತಿಲ್ಲ.

ಹಾಗಾದರೆ ಹಂದಿ ಸಾಕುವವರನ್ನು ಊರಿನಿಂದ ಓಡಿಸಬೇಕೆ? ಬೇಡ. ಹಂದಿಯಿಂದ ಮನುಷ್ಯನಿಗೆ ನೇರವಾಗಿ ಈ ರೋಗ ಅಂಟುವುದಿಲ್ಲ. ಮನುಷ್ಯನಿಂದ ಮನುಷ್ಯನಿಗೂ ಸೊಳ್ಳೆಯ ಮೂಲಕ ಹರಡುವುದಿಲ್ಲ. ಹಂದಿಯಿಲ್ಲದ ಊರಿಗೂ ಬೆಳ್ಳಕ್ಕಿ ಬರುತ್ತದೆ. ದೊಡ್ಡಿ ಮನೆಗಳಿಂದ ದೂರವಿರಲಿ, ಸಂಜೆಯ ಮೇಲೆ ಅದಕ್ಕೆ ಸೊಳ್ಳೆ ಪರದೆಯಿರಲಿ. ಗದ್ದೆಯ ನೀರನ್ನು ಆಗಾಗ ಆರಗೊಟ್ಟರೆ ಸೊಳ್ಳೆಮರಿಗಳು ಸಾಯುತ್ತವೆ.

ಸೋಂಕಾದವರಲ್ಲಿ ಸುಮಾರು 250ಕ್ಕೆ ಒಬ್ಬರಿಗೆ ಮಾತ್ರ ರೋಗ ತೀವ್ರವಾಗುತ್ತದೆ. ಆದರೆ ಅಂಥವರಲ್ಲಿ 100ಕ್ಕೆ 30ರವರೆಗೂ ಸಾಯಬಹುದು. ಬದುಕಿದ ಹಲವು ಮಕ್ಕಳಿಗೆ ಮಾತು, ನಡಿಗೆ, ಬುದ್ಧಿ ಮೊದಲಿನಂತಾಗುವುದಿಲ್ಲ. ವೈರಸ್ಸನ್ನೇ ಕೊಲ್ಲುವ ಔಷಧವಿಲ್ಲ, ಲಸಿಕೆಯಿದೆ. 2006ರಲ್ಲಿ ದೊಡ್ಡ ಪ್ರಮಾಣದ ಲಸಿಕಾ ಕಾರ್ಯಕ್ರಮ ಆರಂಭವಾದ ನಾಲ್ಕು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2013ರಲ್ಲಿ ಭಾರತದ್ದೇ ಆದ ಲಸಿಕೆ, ಜೆನ್‌ವ್ಯಾಕ್, ಬಳಕೆಗೆ ಬಂತು. ಅದನ್ನು ತಯಾರಿಸಿದ್ದು ಯಾವ ವೈರಸ್ ತಳಿಯಿಂದ ಗೊತ್ತೆ? ಕೋಲಾರದಲ್ಲಿ ದೊರೆತ ತಳಿಯಿಂದ. ನಮ್ಮ ಮಕ್ಕಳನ್ನು ಕಾಡಿದ ವೈರಸ್ಸೇ ಈಗ ದೇಶದ ಮಕ್ಕಳನ್ನು ಕಾಯುವ ಲಸಿಕೆಗೆ ಆಧಾರವಾಗಿದೆ.