ಮಧುಮೇಹದ ಪೂರ್ವರೂಪ

ವ್ಯಾಧಿಯು ಪ್ರಕಟವಾದ ಮೇಲೆ ಅದನ್ನು ಗುರುತಿಸುವುದು ಒಂದು. ಅದಕ್ಕೆ ಮುನ್ನವೇ ಅದರ ಬರವನ್ನು ಅರಿಯುವುದು ಮತ್ತೊಂದು. ಮೊದಲನೆಯದಕ್ಕೆ ಸಾಧನವಾದ ಚಿಹ್ನೆಯನ್ನು ಆಯುರ್ವೇದವು ರೂಪವೆಂದೂ ಎರಡನೆಯದಕ್ಕೆ ಸಾಧನವಾದುದನ್ನು ಪೂರ್ವರೂಪವೆಂದೂ ಕರೆದಿರುವುದು. ಮಧುಮೇಹವನ್ನೊಳಗೊಂಡ ಪ್ರಮೇಹಗಳನ್ನು ಕುರಿತು ಹೇಳುವಾಗ ಚರಕಸಂಹಿತೆಯ ನಿದಾನಸ್ಥಾನವು ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ಪೂರ್ವರೂಪಗಳಲ್ಲಿ ಎಣಿಸಿದೆ.

ಐರೋಪ್ಯ ವೈದ್ಯರಲ್ಲಿ ಥಾಮಸ್ ವಿಲಿಸನು 17ನೆಯ ಶತಮಾನದಲ್ಲಿ ಈ ಮಾಧುರ್ಯವನ್ನು ಬರೆದಿಟ್ಟನು. 1776ರಲ್ಲಿ ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನನು ಮೂತ್ರವನ್ನು ಆವಿಯಾಗಿಸಿ, ಉಳಿದ ಶೇಷವು ಸಕ್ಕರೆಯಂತಿರುವುದನ್ನು ತೋರಿಸಿದನು. ರೋಗಿಯ ರಕ್ತದ್ರವವೂ ಸಿಹಿಯೆಂದು ಅವನು ಕಂಡುದು ಇನ್ನೂ ಮುಖ್ಯವಾದುದು. ಸಕ್ಕರೆಯು ಮೂತ್ರಪಿಂಡದಲ್ಲಿ ಹುಟ್ಟುವುದಲ್ಲ, ರಕ್ತದಿಂದಲೇ ಇಳಿದು ಬರುವುದೆಂಬುದು ಇದರಿಂದ ತಿಳಿಯಿತು. ಆದರೆ ಸಾಮಾನ್ಯವಾಗಿ ರಕ್ತದ ಸಕ್ಕರೆಯು 100 ಮಿಲಿಲೀಟರಿಗೆ ಸುಮಾರು 180 ಮಿಲಿಗ್ರಾಮನ್ನು ಮೀರಿದ ಮೇಲೆಯೇ ಮೂತ್ರದಲ್ಲಿ ತೋರುವುದು. ಆದುದರಿಂದ ಪೂರ್ವರೂಪವೆಂದು ಎಣಿಸಲ್ಪಟ್ಟ ಈ ಚಿಹ್ನೆಯು ವಾಸ್ತವವಾಗಿ ತಡವಾಗಿ ಬರುವ ರೂಪವೇ ಸರಿ.

1968ರಲ್ಲಿ ಟೆಹರಾನಿನ ಸ್ಯಾಮ್ಯುಯೆಲ್ ರಹ್ಬರ್ ಎಂಬ ಸಂಶೋಧಕನು ಮಧುಮೇಹಿಗಳ ಕೆಂಪು ರಕ್ತಕಣಗಳಲ್ಲಿ ವಿಶೇಷವಾದೊಂದು ಹಿಮೊಗ್ಲೋಬಿನನ್ನು ಕಂಡನು. ಅದು ಸಕ್ಕರೆಯು ಕೂಡಿಕೊಂಡ ಹಿಮೊಗ್ಲೋಬಿನೆಂದು ಬಳಿಕ ಸಿದ್ಧವಾಯಿತು. ಕೆಂಪು ಕಣದ ಆಯುಸ್ಸು ಸುಮಾರು 120 ದಿನಗಳಾದುದರಿಂದ, ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಅದು ಸೂಚಿಸುವುದು. 2010ರಲ್ಲಿ ಅಮೆರಿಕದ ಮಧುಮೇಹ ಸಂಘವು ಶೇಕಡ 6.5ನ್ನು ರೋಗನಿರ್ಣಯದ ಗಡಿಯಾಗಿಯೂ, 5.7ರಿಂದ 6.4ರವರೆಗಿನ ಪ್ರಮಾಣವನ್ನು ಮುಂದಿನ ಅಪಾಯದ ಸೂಚನೆಯಾಗಿಯೂ ಅಂಗೀಕರಿಸಿತು.

ರಕ್ತಹೀನತೆಯುಳ್ಳವರಲ್ಲಿ ಈ ಪ್ರಮಾಣವು ವೈದ್ಯನನ್ನು ಭ್ರಮೆಗೊಳಿಸಬಹುದು; ಚಿಹ್ನೆಯೇ ವ್ಯಾಧಿಯಲ್ಲ. ಆದರೂ ಪ್ರಾಚೀನರು ಹೆಸರಿಟ್ಟು ಕಾದಿರಿಸಿದ ಪೂರ್ವರೂಪದ ಸ್ಥಾನಕ್ಕೆ ಇರುವೆಗಿಂತ ಇದು ಹೆಚ್ಚು ಯೋಗ್ಯವಾಗಿದೆ.